ಶಿರಸಿ: ಹಳ್ಳಿಗಳು ಕಟ್ಟಿಕೊಂಡ ಪೇಟೆ

ಫಸಲಿನ ದಿನಗಳಲ್ಲಿ ಶಿರಸಿಯ ಅಡಿಕೆ ಮಾರುಕಟ್ಟೆಯೊಳಗೆ ಕಾಲಿಡಲು ಜಾಗ ಹುಡುಕಬೇಕಾಗುತ್ತದೆ. ಹುಲೇಕಲ್, ಸಾಲ್ಕಣಿ, ಭೈರುಂಬೆ, ಹೆಗಡೆಕಟ್ಟಾ ಕಡೆಗಳಿಂದ ಬಂದ ಚೀಲಗಳ ಬಾಯಿ ಬಿಚ್ಚಿ ನೆಲಕ್ಕೆ ಸುರಿದಿರುತ್ತಾರೆ. ಒಬ್ಬೊಬ್ಬ ಬೆಳೆಗಾರನದು ಒಂದೊಂದು ಗುಡ್ಡೆ, ಗುಡ್ಡೆಗೊಂದು ನಂಬರು. ವ್ಯಾಪಾರಿಗಳು ಸಾಲಿನುದ್ದಕ್ಕೂ ನಡೆಯುತ್ತ ಬಗ್ಗಿ ಒಂದು ಹಿಡಿ ಎತ್ತುತ್ತಾರೆ. ಅಂಗೈಯಲ್ಲಿ ಉರುಳಿಸಿ ಬಣ್ಣ ನೋಡುತ್ತಾರೆ, ಒಂದೆರಡನ್ನು ಕತ್ತರಿಸಿ ಒಳಗೆ ಕೊಳೆ ಇದೆಯೇ, ಹಸಿ ಉಳಿದಿದೆಯೇ ಎಂದು ಪರೀಕ್ಷಿಸುತ್ತಾರೆ. ಯಾರೂ ದರ ಕೂಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ದರವನ್ನು ಗುಟ್ಟಾಗಿ ನಮೂದಿಸಿ ಟೆಂಡರ್ ಹಾಕುತ್ತಾರೆ. ಹೆಚ್ಚು ದರ ಹಾಕಿದವನಿಗೆ ಮಾಲು. ಬಂದ ದರ ಒಪ್ಪಿಗೆಯಾಗದಿದ್ದರೆ ಬೆಳೆಗಾರ ಮಾಲನ್ನು ಕೊಡದೆ ಇಟ್ಟುಕೊಳ್ಳಬಹುದು. ‘ದರ ಅಡ್ಡಿಲ್ಲೆ’ ಎಂಬ ಮಾತು ಒಬ್ಬರ ಬಾಯಿಂದ ಬಂತೆಂದರೆ ಸಂಜೆಯೊಳಗೆ ಆ ಸುದ್ದಿ ಸಿ.ಪಿ. ಬಜಾರಿನ ಬಟ್ಟೆ ಅಂಗಡಿ, ಬಂಗಾರದ ಅಂಗಡಿಗಳನ್ನು ಮುಟ್ಟಿರುತ್ತದೆ.

ಶಿರಸಿಯನ್ನು ಅರ್ಥ ಮಾಡಿಕೊಳ್ಳಲು ಈ ಪ್ರಾಂಗಣಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ಊರಿಗೆ ರೈಲು ಬಂದಿಲ್ಲ. ಹೇಳಿಕೊಳ್ಳುವಂಥ ದೊಡ್ಡ ಕಾರ್ಖಾನೆ ಇಲ್ಲ. ಜಿಲ್ಲಾ ಕೇಂದ್ರ ನೂರು ಕಿಲೋಮೀಟರಿಗೂ ಆಚೆ, ಕಾರವಾರದ ಕಡಲ ದಂಡೆಯಲ್ಲಿದೆ. ಹಾಗಿದ್ದೂ ಸಿದ್ದಾಪುರ, ಯಲ್ಲಾಪುರ, ಬನವಾಸಿ ಸೀಮೆಯ ಜನಕ್ಕೆ ಬ್ಯಾಂಕು, ಕಾಲೇಜು, ಆಸ್ಪತ್ರೆ, ಮದುವೆಯ ಜವಳಿ ಎಲ್ಲದಕ್ಕೂ ಶಿರಸಿಯೇ ಬೇಕು. ಸಾಮಾನ್ಯವಾಗಿ ಒಂದು ಊರು ಬೆಳೆಯುವುದು ಅರಸನಿಂದ, ರೈಲು ನಿಲ್ದಾಣದಿಂದ, ಇಲ್ಲವೇ ಕಾರ್ಖಾನೆಯಿಂದ. ಶಿರಸಿಯನ್ನು ಬೆಳೆಸಿದವರು ಸುತ್ತಲಿನ ಹಳ್ಳಿಗಳ ತೋಟಿಗರು. ಈ ಊರಿನ ಬಲವೂ ದೌರ್ಬಲ್ಯವೂ ಅಲ್ಲಿಂದಲೇ ಹುಟ್ಟಿವೆ.

ಎರಡು ರಾಜಧಾನಿಗಳ ನಡುವೆ

ಚರಿತ್ರೆಯ ದೊಡ್ಡ ಘಟನೆಗಳು ಶಿರಸಿಯ ಆಚೀಚೆ ನಡೆದವು. ಇದೇ ತಾಲ್ಲೂಕಿನ ಬನವಾಸಿ, ಕನ್ನಡದ ಮೊದಲ ಅರಸುಮನೆತನವೆಂದು ಹೆಸರಾದ ಕದಂಬರ ರಾಜಧಾನಿ. ಇನ್ನೊಂದು ದಿಕ್ಕಿಗೆ ಸೋದೆ. ವಿಜಯನಗರದ ಅಡಿಯಲ್ಲಿ ಸಾಮಂತರಾಗಿ ತಲೆಯೆತ್ತಿ ಆಮೇಲೆ ಸ್ವತಂತ್ರರಾಗಿ ಆಳಿದ ಸೋದೆ ಅರಸರು ಕಾಳುಮೆಣಸಿನ ವ್ಯಾಪಾರದಲ್ಲಿ ಪೋರ್ಚುಗೀಸರೊಂದಿಗೆ ವ್ಯವಹಾರ ಇಟ್ಟುಕೊಂಡಿದ್ದರು. ವಾದಿರಾಜರ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ ಮೂರೂ ಇಂದಿಗೂ ಆ ಸೋದೆಯ ಆಸುಪಾಸಿನಲ್ಲೇ ಇವೆ. ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಕೆತ್ತಿದ ಸಹಸ್ರಲಿಂಗವೂ ಆ ಅರಸರ ಕಾಲದ್ದೇ. ಆಗ ಶಿರಸಿ ಎಂದರೆ ಸೋದೆ ಅರಸರ ಒಂದು ಕೋಟೆ ಇದ್ದ ಠಾಣೆ. ಆ ಕೋಟೆ ಹೋಗಿದೆ, ಕೋಟೆಕೆರೆ ಉಳಿದಿದೆ.

1760ರ ದಶಕದಲ್ಲಿ ಹೈದರಾಲಿಯ ಸೇನೆ ಬಂದಾಗ ಸೋದೆಯ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ರಾಜಧಾನಿ ಹಾಳು ಬಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆ ಬ್ರಿಟಿಷರ ಕೈಗೆ ಹೋಗಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. ಅರಮನೆ ಇಲ್ಲದ ಸೋದೆ ಹಳ್ಳಿಯಾಯಿತು, ಬನವಾಸಿ ಹಳ್ಳಿಯಾಗಿ ಶತಮಾನಗಳೇ ಸಂದಿದ್ದವು. ನಡುವೆ ಇದ್ದ ಶಿರಸಿ ಮಾತ್ರ ಪೇಟೆಯಾಗಿ ಹಬ್ಬುತ್ತ ಹೋಯಿತು. ಇದಕ್ಕೆ ಮೊದಲ ಕಾರಣ ದಾರಿ. ಬಯಲುಸೀಮೆಯಿಂದ ಕರಾವಳಿಗೆ ಇಳಿಯುವ ಹಾದಿಗಳು ಇಲ್ಲಿ ಕೂಡುತ್ತಿದ್ದವು. ಹುಬ್ಬಳ್ಳಿ, ಹಾವೇರಿ, ಬನವಾಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಎಲ್ಲ ಕಡೆಗೂ ಇಲ್ಲಿಂದ ರಸ್ತೆ ಇದೆ. ಊರೊಳಗಿನ ಐದು ರಸ್ತೆ ವೃತ್ತ ಇವತ್ತಿಗೂ ಅದನ್ನೇ ಹೇಳುತ್ತದೆ.

ಹತ್ತಿ ಗಾಡಿಗಳ ದಾರಿ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಲಂಕಾಷೈರ್ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಗಿರಣಿ ಮಾಲೀಕರ ಕಣ್ಣು ಧಾರವಾಡದ ಕಪ್ಪು ಮಣ್ಣಿನ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ ಹೋಗಬೇಕಿತ್ತು. ಕುಮಟಾದಲ್ಲಿ ಒಂದು ಹತ್ತಿಯ ಗಿಡವೂ ಇರದಿದ್ದರೂ ಮುಂಬೈ ಪೇಟೆಯಲ್ಲಿ ಧಾರವಾಡದ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಹತ್ತಿಯನ್ನು ಬೇಗ ಕಡಲಿಗೆ ತಲುಪಿಸುವ ಒತ್ತಡ ಎಷ್ಟಿತ್ತೆಂದರೆ, 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಲಾಯಿತು. ಜಿಲ್ಲೆಯನ್ನು ಎರಡಾಗಿ ಹರಿದ ಆ ಗೆರೆಯಿಂದಲೇ ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ ಹುಟ್ಟಿದವು.

ಶಿರಸಿ ಈ ಹಾದಿಯ ನಡುವಿನ ತಂಗುದಾಣ. ಗಾಡಿ ಬಿಚ್ಚಿ ಎತ್ತುಗಳಿಗೆ ಮೇವು ಹಾಕಿ, ಮರುದಿನ ದೇವಿಮನೆ ಘಟ್ಟ ಇಳಿಯಲು ಸಜ್ಜಾಗುವ ಜಾಗ. ಗಾಡಿಗಳ ಹಿಂದೆಯೇ ಅಂಗಡಿಕಾರರು ಬಂದರು. ಘಟ್ಟದ ಕೆಳಗಿನ ಕೊಂಕಣಿ ವ್ಯಾಪಾರಿಗಳು, ಬಯಲುಸೀಮೆಯ ಲಿಂಗಾಯತ ವರ್ತಕರು, ಮುಸ್ಲಿಂ ಸಾಹುಕಾರರು ಇಲ್ಲಿ ಮಳಿಗೆ ಹಾಕಿದರು. ಆದರೆ ಬೇರೆಯವರ ಸರಕು ಹಾದುಹೋಗುವುದರಿಂದ ಬಂದ ಏಳಿಗೆ ಬಾಳುವುದು ಆ ಸರಕು ದಾರಿ ಬದಲಿಸುವ ತನಕ ಮಾತ್ರ. 1880ರ ದಶಕದಲ್ಲಿ ಮರ್ಮಗೋವಾ ಬಂದರಿಗೆ ರೈಲು ಹಳಿ ಬಿತ್ತು. ಧಾರವಾಡದ ಹತ್ತಿ ರೈಲು ಹತ್ತಿತು, ಕುಮಟಾ ಬಂದರು ಸೊರಗಿತು. ಶಿರಸಿಗೂ ಅದೇ ಗತಿ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಇದರ ಬೆನ್ನಿಗೆ ಸ್ವಂತದ್ದೊಂದು ಬೆಳೆ ಇತ್ತು.

ತೋಟ, ಬೆಟ್ಟ ಮತ್ತು ಸಾಹುಕಾರ

ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ನಾಡಿದು. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ತೋಟ, ತೋಟದಂಚಿಗೆ ಮನೆ, ಮನೆಯ ಹಿಂದೆ ಏರಿಹೋಗುವ ಬೆಟ್ಟ. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ, ನಡುನಡುವೆ ಏಲಕ್ಕಿ, ಬಾಳೆ. ಈ ತೋಟಗಳ ಗುಟ್ಟು ಇರುವುದು ಬೆಟ್ಟದಲ್ಲಿ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯ ತನಕ ಸೊಪ್ಪಿನಬೆಟ್ಟ ಬಳಸುವ ಹಕ್ಕು ಬ್ರಿಟಿಷರ ಕಾಲದಿಂದಲೂ ಬೆಳೆಗಾರರಿಗಿದೆ. ನೆಲ ಸರ್ಕಾರದ್ದು, ಸೊಪ್ಪು ಮತ್ತು ದರಕು, ಅಂದರೆ ಒಣಗಿ ಬಿದ್ದ ಎಲೆ, ಬೆಳೆಗಾರನದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ತೋಟಕ್ಕೆ ಬರುತ್ತದೆ. ಬೆಟ್ಟ ಬೋಳಾದರೆ ಕಣಿವೆಯ ಒರತೆ ಬತ್ತುತ್ತದೆ, ಒರತೆ ಬತ್ತಿದರೆ ತೋಟ ಒಣಗುತ್ತದೆ. ಈ ಲೆಕ್ಕವನ್ನು ಇಲ್ಲಿನ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದೆ ಶಿರಸಿ ಕಾಡಿನ ಪರವಾಗಿ ಬೀದಿಗಿಳಿದದ್ದರ ಬೇರು ಇಲ್ಲಿದೆ.

ಅಡಿಕೆ ತೋಟದಿಂದ ಪೇಟೆಗೆ ಬರುವಷ್ಟರಲ್ಲಿ ಅನೇಕ ಕೈ ದಾಟುತ್ತದೆ. ಮಳೆಗಾಲಕ್ಕೆ ಮುಂಚೆ ಕೊನೆಗೌಡ, ಅಂದರೆ ಅಡಿಕೆ ಕೊನೆ ಕೊಯ್ಯುವ ಕಸುಬಿನವ, ಮರ ಹತ್ತಿ ಕೊಳೆರೋಗ ತಾಗದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾನೆ. ಮಳೆ ಬಿಡದೆ ಹಿಡಿದರೆ ನಡುವೆ ಮತ್ತೊಮ್ಮೆ ಹೊಡೆಯಬೇಕು. ಔಷಧಿ ಬರುವ ಮೊದಲು ಒಂದೊಂದು ಕೊನೆಗೂ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ಒಂದು ಮರದಿಂದ ಇಳಿಯದೆಯೇ ಪಕ್ಕದ ಮರಕ್ಕೆ ಬಾಗಿ ದಾಟಿಕೊಳ್ಳುವ ಕೊನೆಗೌಡನ ಕಸುಬು ಕಲಿಯಲು ವರ್ಷಗಳು ಬೇಕು. ಎಳೆಯ ಅಡಿಕೆಯನ್ನು ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಾಗಲು ಬಿಟ್ಟು ಸಿಪ್ಪೆ ಸಮೇತ ಅಂಗಳದಲ್ಲಿ ತಿಂಗಳಿಗೂ ಮೀರಿ ಒಣಗಿಸಿ ಆಮೇಲೆ ಸುಲಿದರೆ ಬಿಳಿಯ ಚಾಲಿ. ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕ ಎಂದು ಒಂದೊಂದಕ್ಕೂ ಬೇರೆ ದರ, ಬೇರೆ ಗಿರಾಕಿ. ಗಟ್ಟಿ, ಗುಂಡನೆಯ ಶಿರಸಿಯ ಅಡಿಕೆಯ ರುಚಿಯೇ ಬೇರೆ ಎಂದು ಉತ್ತರ ಭಾರತದ ವ್ಯಾಪಾರಿಗಳು ಬಹುಕಾಲದಿಂದ ಹೇಳುತ್ತ ಬಂದದ್ದಕ್ಕೆ 2019ರಲ್ಲಿ ಕಾನೂನಿನ ಮುದ್ರೆ ಬಿತ್ತು. ‘ಶಿರಸಿ ಸುಪಾರಿ’ಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಅಡಿಕೆಗೆ ಈ ಮಾನ್ಯತೆ ದೊರೆತದ್ದು ದೇಶದಲ್ಲಿ ಅದೇ ಮೊದಲು.

ಇಷ್ಟೆಲ್ಲ ದುಡಿದು ಬೆಳೆದದ್ದರ ಲಾಭ ಮಾತ್ರ ಬಹುಕಾಲ ಬೆಳೆದವನಿಗೆ ಸಿಗುತ್ತಿರಲಿಲ್ಲ. ಮಳೆಗಾಲದಲ್ಲಿ ಕೈ ಬರಿದಾದ ಬೆಳೆಗಾರ ಸಾಹುಕಾರನ ಹತ್ತಿರ ಮುಂಗಡ ತರುತ್ತಿದ್ದ. ಫಸಲು ಬಂದಾಗ ಮಾಲನ್ನು ಅದೇ ಸಾಹುಕಾರನ ವಖಾರಿಗೆ ಹಾಕಬೇಕು, ದರವನ್ನೂ ತೂಕವನ್ನೂ ಅವನೇ ಹೇಳಬೇಕು. ಬಡ್ಡಿ ಕಳೆದು ಉಳಿದದ್ದು ಕೈಗೆ. ಅದೂ ಸಾಲದೆ ಮುಂದಿನ ಮಳೆಗಾಲಕ್ಕೆ ಮತ್ತೆ ಸಾಲ. ಪೇಟೆ ಬೆಳೆಯಿತು, ತೋಟಿಗ ಬೆಳೆಯಲಿಲ್ಲ.

ಸೊಸಾಯಿಟಿಯ ಊರು

ಈ ಸರಪಳಿ ಕಡಿದದ್ದು ಸಹಕಾರ. 1920ರಲ್ಲಿ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕ್ ಹುಟ್ಟಿತು. ಜಿಲ್ಲಾ ಕಚೇರಿಗಳೆಲ್ಲ ಕಾರವಾರದಲ್ಲಿದ್ದರೂ ಈ ಬ್ಯಾಂಕಿನ ಪ್ರಧಾನ ಕಚೇರಿ ಇರುವುದು ಶಿರಸಿಯಲ್ಲಿ. 1923ರಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಅಂದರೆ ಎಲ್ಲರ ಬಾಯಲ್ಲಿರುವ ಟಿಎಸ್‌ಎಸ್, ಆರಂಭವಾಯಿತು. ಇದರ ತಂತ್ರ ಸರಳ: ಬೆಳೆಗಾರನಿಗೆ ಬೇಕಾದ ಮುಂಗಡವನ್ನು ಅವನದೇ ಸಂಘ ಕೊಡುತ್ತದೆ. ಮಾಲು ಸಂಘದ ಅಂಗಳಕ್ಕೆ ಬರುತ್ತದೆ. ವ್ಯಾಪಾರಿಗಳು ಅಲ್ಲಿಗೇ ಬಂದು ಪರಸ್ಪರ ಪೈಪೋಟಿಯಲ್ಲಿ ಕೊಳ್ಳಬೇಕು. ಸಾಲ ಕೊಡುವವನೂ ಮಾಲು ಕೊಳ್ಳುವವನೂ ಒಬ್ಬನೇ ಆಗಿದ್ದ ಹಳೆಯ ಕಟ್ಟು ಅಲ್ಲಿಗೆ ಸಡಿಲವಾಯಿತು.

ಹಳ್ಳಿಹಳ್ಳಿಗಳಲ್ಲಿ ಸೇವಾ ಸಹಕಾರಿ ಸಂಘಗಳು ಎದ್ದವು. ಮಳೆಗಾಲದ ಅಕ್ಕಿಯಿಂದ ಮೈಲುತುತ್ತದ ತನಕ ಎಲ್ಲವೂ ಸೊಸಾಯಿಟಿಯಲ್ಲೇ ಸಿಗತೊಡಗಿತು. ಸಹಕಾರಿ ಧುರೀಣ ಕಡವೆ ಶ್ರೀಪಾದ ಹೆಗಡೆಯವರ ಹೆಸರನ್ನು ಇಲ್ಲಿ ಹಿರಿಯರು ಇಂದಿಗೂ ಗೌರವದಿಂದ ಹೇಳುತ್ತಾರೆ. ಅವರ ಹೆಸರಿನ ಆಸ್ಪತ್ರೆ ನಡೆಸುತ್ತಿರುವುದೂ ಟಿಎಸ್‌ಎಸ್ಸೇ. ಅಡಿಕೆ ಮಾರಿದ ಸದಸ್ಯ ಅದೇ ಸಂಸ್ಥೆಯ ಸೂಪರ್ ಮಾರ್ಕೆಟ್ಟಿನಲ್ಲಿ ದಿನಸಿ ಕೊಂಡು ಮನೆಗೆ ಹೋಗುವುದು ಮಾಮೂಲು. ಇನ್ನೊಂದು ಮಾರಾಟ ಸಂಘ ಟಿಎಂಎಸ್ ಬಂತು. ಒಂದಕ್ಕೊಂದು ಪೈಪೋಟಿಯೂ ಬೆಳೆಯಿತು. ಪುನರ್ಪುಳಿ, ಹಲಸು, ಜೇನಿನಂಥ ಕಿರು ಉತ್ಪನ್ನಗಳಿಗೂ ಪೇಟೆ ತೆರೆಯುವ ಸಂಸ್ಥೆಗಳು ಹುಟ್ಟಿದವು.

ಸಹಕಾರ ಊರಿನ ಸ್ವಭಾವವನ್ನೇ ತಿದ್ದಿತು. ಶಿರಸಿಯಲ್ಲಿ ವಾರ್ಷಿಕ ಸರ್ವಸಾಧಾರಣ ಸಭೆ ಎಂದರೆ ಹಬ್ಬವೂ ಹೌದು, ಜಗಳವೂ ಹೌದು. ಬ್ಯಾಲೆನ್ಸ್ ಶೀಟಿನ ಪುಟ ತಿರುವಿ ‘ಈ ಖರ್ಚು ಯಾಕೆ ಬಂತು’ ಎಂದು ಎದ್ದು ನಿಂತು ಕೇಳುವ ಸಾಮಾನ್ಯ ಕೃಷಿಕರನ್ನು ಇಲ್ಲಿ ಕಾಣಬಹುದು. ಆಡಳಿತ ಮಂಡಳಿಯ ಚುನಾವಣೆಗೆ ವಿಧಾನಸಭೆ ಚುನಾವಣೆಯಷ್ಟೇ ಕಾವು. ಸಹಕಾರದ ಕೆಟ್ಟ ಮುಖಗಳೂ ಇಲ್ಲಿವೆ: ಗುಂಪುಗಾರಿಕೆ, ಅಧಿಕಾರ ಬಿಡದವರು, ಜಾತಿಯ ಲೆಕ್ಕಾಚಾರ. ತೋಟವಿದ್ದವರಿಗೆ ಸಂಘಗಳಿಂದ ಸಿಕ್ಕ ಬಲ ತೋಟದಲ್ಲಿ ದುಡಿಯುವವರಿಗೆ ಅದೇ ಪ್ರಮಾಣದಲ್ಲಿ ಸಿಗಲಿಲ್ಲ ಎಂಬುದೂ ನಿಜ. ಆದರೂ ಹೊರಗಿನ ಒಬ್ಬ ದೊಡ್ಡ ಬಂಡವಾಳಗಾರನ ಕೈಗೆ ಊರು ಬೀಳದೆ ಉಳಿದದ್ದು ಈ ಸಂಘಗಳಿಂದ.

ಹೀಗೆ ಒಟ್ಟಾಗಿ ನಿಲ್ಲಲು ಕಲಿತ ಈ ಸೀಮೆಯ ಪಾತ್ರ ಸ್ವಾತಂತ್ರ್ಯ ಹೋರಾಟದಲ್ಲೂ ದೊಡ್ಡದು. 1930ರ ದಶಕದ ಕರನಿರಾಕರಣೆ ಚಳವಳಿಯಲ್ಲಿ ಅಂಕೋಲಾ, ಸಿದ್ದಾಪುರ, ಶಿರಸಿ ಭಾಗದ ರೈತರು ತೋಟ ಮನೆ ಜಪ್ತಿಯಾದರೂ ಜಗ್ಗಲಿಲ್ಲ. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ ಬೆಳೆದದ್ದು ಇದೇ ವಾತಾವರಣದಲ್ಲಿ. 1957ರಲ್ಲಿ ಶಿರಸಿಯಿಂದ ವಿಧಾನಸಭೆಗೆ ಹೋದ ಅವರು 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದರು.

ಅಪ್ಪಿದ ಮರ, ಅಳೆದ ಅಣೆಕಟ್ಟು

ಅದೇ 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಸುತ್ತಲಿನ ಯುವಕರು, ಹೆಂಗಸರು, ಮಕ್ಕಳು ನಡೆದು ಕಳಾಸೆ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಅರಣ್ಯ ಇಲಾಖೆ ಸಹಜ ಕಾಡನ್ನು ಬೋಳಿಸಿ ತೇಗ, ನೀಲಗಿರಿ ನೆಡುತ್ತಿದ್ದ ಕಾಲ ಅದು. ಒಂದು ಮರ ಕಡಿಯಲು ಅನುಮತಿ ಇದ್ದರೆ ಅದು ಬೀಳುವಾಗ ಸುತ್ತಲಿನ ಹತ್ತಾರು ಮರ ನೆಲ ಕಚ್ಚುತ್ತಿದ್ದವು. ಹಳ್ಳಿಗರ ದೂರು ಇಷ್ಟೇ: ಕಾಡು ಹೋದಂತೆ ಹಳ್ಳದ ನೀರೂ ಹೋಗುತ್ತಿದೆ. ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ್ ಬಹುಗುಣ ಈ ಭಾಗಕ್ಕೆ ಬಂದು ಮಾತಾಡಿ ಹೋಗಿದ್ದರು. ಪಾಂಡುರಂಗ ಹೆಗಡೆ ಚಳವಳಿಯನ್ನು ಊರೂರಿಗೆ ಒಯ್ದರು. 38 ದಿನಗಳ ಹೋರಾಟದ ಕೊನೆಗೆ ಅಲ್ಲಿನ ಕಡಿತ ನಿಂತಿತು. ‘ಅಪ್ಪಿಕೋ’ ಎಂಬ ಹೆಸರು ದೇಶದಾಚೆಗೂ ಹೋಯಿತು. ಮುಖ್ಯಮಂತ್ರಿ ತಮ್ಮವರೇ ಎಂಬ ಕಾರಣಕ್ಕೆ ಜನ ಸುಮ್ಮನಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಅಪ್ಪಿಕೋ ಎಲ್ಲರಿಗೂ ಗೊತ್ತು. ಅದಕ್ಕಿಂತ ಎರಡು ವರ್ಷ ಮೊದಲು ನಡೆದ, ನನ್ನ ದೃಷ್ಟಿಯಲ್ಲಿ ಶಿರಸಿಯ ಸ್ವಭಾವವನ್ನು ಇನ್ನೂ ಚೆನ್ನಾಗಿ ತೋರುವ ಸಂಗತಿ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಯಲ್ಲಾಪುರದ ಮಾಗೋಡು ಬಳಿ ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟಿ 210 ಮೆಗಾವಾಟ್ ವಿದ್ಯುತ್ ಉತ್ಪಾದಿಸುವ ಯೋಜನೆ ಸಿದ್ಧವಾಗಿತ್ತು. ಮುಳುಗಡೆಯ ಪಟ್ಟಿಯಲ್ಲಿ ತೋಟ, ಗದ್ದೆ, ಕಾಡು ಎಲ್ಲ ಇದ್ದವು. ಬೆಳೆಗಾರರು ಮೆರವಣಿಗೆ ಮಾಡಿದರು, ಮನವಿ ಕೊಟ್ಟರು. ಅಷ್ಟಕ್ಕೆ ನಿಲ್ಲದೆ 1981ರ ಜನವರಿಯಲ್ಲಿ ಅಡಿಕೆ ಮಾರುವ ಸಂಘವಾದ ಟಿಎಸ್‌ಎಸ್ಸೇ ದೇಶದ ವಿಜ್ಞಾನಿಗಳು, ಎಂಜಿನಿಯರುಗಳು, ಅರ್ಥಶಾಸ್ತ್ರಜ್ಞರನ್ನು ಶಿರಸಿಗೆ ಕರೆಸಿ, ಯೋಜನೆಯ ಲಾಭ ನಷ್ಟ ಅಳೆಯುವ ವಿಚಾರಸಂಕಿರಣ ನಡೆಸಿತು. ಮುಳುಗುವ ಕಾಡಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಯೋಜನೆ ಲಾಭದಾಯಕವೇ ಎಂದು ಪ್ರಶ್ನಿಸಿದ ಪ್ರಬಂಧಗಳನ್ನು ಪುಸ್ತಕವಾಗಿಯೂ ಪ್ರಕಟಿಸಿತು. ಪರಿಸರದ ಮೇಲಿನ ಪರಿಣಾಮದ ಅಧ್ಯಯನ ದೇಶದಲ್ಲಿ ಕಾನೂನಾಗುವ ಎಷ್ಟೋ ವರ್ಷ ಮೊದಲೇ ತೋಟಿಗರ ಸಂಘವೊಂದು ತನ್ನ ಖರ್ಚಿನಲ್ಲಿ ಆ ಕೆಲಸ ಮಾಡಿತ್ತು. ಬೇಡ್ತಿ ಜಲವಿದ್ಯುತ್ ಯೋಜನೆ ಕೈಬಿಟ್ಟುಹೋಯಿತು. ಈಗ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಪ್ರಸ್ತಾವ ಬಂದಿದೆ. ಶಿರಸಿಯಲ್ಲಿ ಮತ್ತೆ ಸಭೆಗಳು ಸೇರುತ್ತಿವೆ, ಮತ್ತೆ ಲೆಕ್ಕ ಕೇಳಲಾಗುತ್ತಿದೆ.

ದೊಡ್ಡಮ್ಮನ ಊರು

ತೋಟಿಗರ ಊರು ಎಂದು ಇಷ್ಟು ಹೇಳಿದ ಮೇಲೆ ಒಂದು ತಿದ್ದುಪಡಿ ಬೇಕು. ಶಿರಸಿಯ ಅಧಿದೇವತೆ ತೋಟಿಗರ ಮನೆದೇವರಲ್ಲ. ಅವಳು ಮಾರಿಕಾಂಬೆ, ಜನರ ಬಾಯಲ್ಲಿ ದೊಡ್ಡಮ್ಮ. ಎಲ್ಲ ಜಾತಿಗಳೂ ತಮ್ಮವಳೆನ್ನುವ ಈ ದೇವಿಗೆ ಪೂಜೆ ಮಾಡುವವರು ವಿಶ್ವಕರ್ಮ ಸಮುದಾಯದವರು. ದೇವಿಕೆರೆಯಲ್ಲಿ ಸಿಕ್ಕ ಪೆಟ್ಟಿಗೆಯೊಳಗೆ ಈ ಮರದ ಮೂರ್ತಿ ಇತ್ತೆಂದು ಐತಿಹ್ಯ. ಈಗಿನ ಗುಡಿಯ ಕಾಲವನ್ನು 17ನೇ ಶತಮಾನದ ಕೊನೆಗೆ ಒಯ್ಯುತ್ತಾರೆ.

ಗುಡಿಯೊಳಗೆ ಹೋದವರು ದರ್ಶನ ಮುಗಿಸಿ ಹೊರಡುವ ಅವಸರದಲ್ಲಿ ಗೋಡೆಗಳನ್ನು ನೋಡುವುದೇ ಇಲ್ಲ. ಪೌಳಿಯ ಗೋಡೆಗಳ ಮೇಲೆ ಕಾವಿ ಕಲೆಯ ಚಿತ್ರಗಳಿವೆ. ಗೋಡೆಗೆ ಮೊದಲು ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಕಾವಿಯ ತೆಳು ಪದರ. ಅದು ಒಣಗುವ ಮುನ್ನ ಚೂಪಾದ ಕಂಟದಿಂದ ಗೀರುತ್ತ ಹೋಗಬೇಕು. ಕಾವಿ ಕೆರೆದಲ್ಲಿ ಒಳಗಿನ ಬಿಳಿ ಇಣುಕಿ ಚಿತ್ರ ಮೂಡುತ್ತದೆ. ಬಣ್ಣ ಎರಡೇ, ಗೆರೆ ತಪ್ಪಿದರೆ ಅಳಿಸುವಂತಿಲ್ಲ. ಕೊಂಕಣ ಕರಾವಳಿಯ ಎಷ್ಟೋ ಗುಡಿಗಳಲ್ಲಿ ಈ ಕಲೆ ಜೀರ್ಣೋದ್ಧಾರದ ಹೆಸರಿನಲ್ಲಿ ಟೈಲ್ಸ್ ಮತ್ತು ಆಯಿಲ್ ಪೇಂಟಿನ ಅಡಿ ಸೇರಿದೆ. ಇಲ್ಲಿ ಉಳಿದಿರುವುದು ಪುಣ್ಯ.

ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ, ಬೇಸಿಗೆಯ ಮೊದಲಿಗೆ ಮಾರಿ ಜಾತ್ರೆ. ಅದಕ್ಕೆ ಮುಂಚಿನ ವಾರಗಳಲ್ಲಿ ಹೊರಬೀಡು ಎಂಬ ವಿಧಿಗಳು ನಡೆದು, ಮೂರ್ತಿಯನ್ನು ಬಿಚ್ಚಿ ಹೊಸದಾಗಿ ಬಣ್ಣ ಕಟ್ಟುತ್ತಾರೆ. ಮಂಗಳವಾರ ರಾತ್ರಿ ದೇವಿಯ ಕಲ್ಯಾಣ. ಬುಧವಾರ ಬೆಳಿಗ್ಗೆ ರಥವೇರಿ ಬಂದು ಬಿಡಕಿಬೈಲಿನ ಗದ್ದುಗೆಯಲ್ಲಿ ಕುಳಿತರೆ ಮುಂದಿನ ಬುಧವಾರದ ತನಕ ಊರಿಗೆ ನಿದ್ದೆಯಿಲ್ಲ. ಬಯಲುಸೀಮೆಯಿಂದ, ಘಟ್ಟದ ಕೆಳಗಿನಿಂದ, ಗೋವೆ ಮಹಾರಾಷ್ಟ್ರಗಳಿಂದ ಲಕ್ಷಗಟ್ಟಲೆ ಜನ ಬರುತ್ತಾರೆ. ವೃತ್ತಿ ನಾಟಕ ಕಂಪನಿಗಳಿಗೆ ಶಿರಸಿ ಜಾತ್ರೆಯ ಕ್ಯಾಂಪು ಆ ವರ್ಷದ ದೊಡ್ಡ ಆಸರೆ. ಜಾತ್ರೆ ಮುಗಿದು ಬಾಗಿಲು ಮುಚ್ಚಿದ ಗುಡಿಯಲ್ಲಿ ದೇವಿ ಮರುಪ್ರತಿಷ್ಠೆಗೊಳ್ಳುವುದು ಯುಗಾದಿಯಂದು.

ಈ ಜಾತ್ರೆಯಲ್ಲಿ ಹಿಂದೆ ಕೋಣ ಕಡಿಯುತ್ತಿದ್ದರು. 1934ರಲ್ಲಿ ಅಸ್ಪೃಶ್ಯತಾ ನಿವಾರಣೆಯ ಪ್ರವಾಸದಲ್ಲಿದ್ದ ಗಾಂಧೀಜಿ ಶಿರಸಿಗೆ ಬಂದರು. ಪ್ರಾಣಿಬಲಿಯ ಬಗ್ಗೆ ಅವರು ವ್ಯಕ್ತಪಡಿಸಿದ ನೋವು ಇಲ್ಲಿನ ಮುಖಂಡರನ್ನು ತಟ್ಟಿತು. ಕೋಣನ ಬಲಿ ನಿಂತಿತು. ನಾಡಿನ ಎಷ್ಟೋ ಮಾರಿ ಗುಡಿಗಳಲ್ಲಿ ಕಾನೂನು ಬಂದ ಮೇಲೂ ನಿಲ್ಲದ ಪದ್ಧತಿಯನ್ನು ಶಿರಸಿ ಸ್ವಾತಂತ್ರ್ಯಕ್ಕೆ ಮೊದಲೇ ತಾನಾಗಿ ಬಿಟ್ಟಿತು.

ಜಾತ್ರೆ ಇಲ್ಲದ ವರ್ಷ ಬೇಡರ ವೇಷ. ಹೋಳಿ ಹುಣ್ಣಿಮೆಗೆ ಮುಂಚಿನ ಕೆಲವು ರಾತ್ರಿ ಹಲಗೆಯ ಸದ್ದಿಗೆ ಇಡೀ ಶಿರಸಿ ಬೀದಿಯಲ್ಲಿರುತ್ತದೆ. ಬೆನ್ನಿಗೆ ನವಿಲುಗರಿಯ ದೊಡ್ಡ ಚಕ್ರ, ಕೆಂಪು ಬಟ್ಟೆ, ದಪ್ಪ ಮೀಸೆ, ಕೈಯಲ್ಲಿ ಕತ್ತಿ ಗುರಾಣಿ. ರೋಷದಲ್ಲಿ ಕುಣಿಯುತ್ತ ಜನರ ಮೇಲೆ ನುಗ್ಗುವ ಬೇಡನನ್ನು ಸೊಂಟಕ್ಕೆ ಕಟ್ಟಿದ ಹಗ್ಗದಿಂದ ಇಬ್ಬರು ಹಿಂದೆ ಜಗ್ಗಿ ಹಿಡಿದಿರುತ್ತಾರೆ. ಸೋದೆ ಅರಸರ ಕಾಲದಲ್ಲಿ ಊರು ಕಾಯಲು ನೇಮಕಗೊಂಡ ಮಲ್ಲೇಶಿ ಎಂಬ ಯುವಕ ತಾನೇ ಊರಿಗೆ ಕಂಟಕನಾದನಂತೆ. ಅವನನ್ನು ಮದುವೆಯಾದ ರುದ್ರಾಂಬಿಕೆಯೇ ಅವನ ಅಂತ್ಯಕ್ಕೆ ದಾರಿ ಮಾಡಿ ತಾನೂ ಬೆಂಕಿಗೆ ಬಿದ್ದಳಂತೆ. ಅಧಿಕಾರ ಕೊಟ್ಟವರೇ ಅದನ್ನು ಹಗ್ಗ ಕಟ್ಟಿ ಜಗ್ಗಬೇಕು ಎಂಬ ಪಾಠವನ್ನು ಈ ಊರು ಎರಡು ವರ್ಷಕ್ಕೊಮ್ಮೆ ಬೀದಿಯಲ್ಲಿ ಕುಣಿದು ನೆನಪಿಸಿಕೊಳ್ಳುತ್ತದೆ. ಸೊಸಾಯಿಟಿಯ ಸರ್ವಸಾಧಾರಣ ಸಭೆಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಹಳ್ಳಿ ಖಾಲಿಯಾದರೆ

ಇಂದಿನ ಶಿರಸಿ ಮೇಲ್ನೋಟಕ್ಕೆ ಹಿಗ್ಗುತ್ತಿದೆ. ಯಲ್ಲಾಪುರ ನಾಕೆಯ ಆಚೆ, ಬನವಾಸಿ ರಸ್ತೆಯ ಎರಡೂ ಬದಿ ಬಡಾವಣೆಗಳು ಎದ್ದಿವೆ. ಅಪಾರ್ಟ್‌ಮೆಂಟುಗಳು ಬಂದಿವೆ. ಅರಣ್ಯ ಕಾಲೇಜು, ಎಂಜಿನಿಯರಿಂಗ್ ಓದಿಗೆ ಮಕ್ಕಳನ್ನು ತಯಾರು ಮಾಡುವ ಪಿಯು ಕಾಲೇಜುಗಳು, ನರ್ಸಿಂಗ್ ಹೋಮುಗಳು ಇವೆ. ಶಾಲೆಗಳ ಆಡಳಿತಕ್ಕೆ ಶಿರಸಿ ಆಗಲೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಘಟ್ಟದ ಮೇಲಿನ ತಾಲ್ಲೂಕುಗಳಿಗೆ ಶಿರಸಿಯೇ ಜಿಲ್ಲಾ ಕೇಂದ್ರವಾಗಲಿ ಎಂಬ ಕೂಗು ಹಳೆಯದು. ತಾಳಗುಪ್ಪದಲ್ಲಿ ನಿಂತ ರೈಲನ್ನು ಸಿದ್ದಾಪುರ, ಶಿರಸಿ ಮೂಲಕ ಹುಬ್ಬಳ್ಳಿಗೆ ಒಯ್ಯಬೇಕೆಂಬ ಬೇಡಿಕೆ ಅದಕ್ಕಿಂತ ಹಳೆಯದು. ಹತ್ತಿ ಗಾಡಿಗಳ ಕುಮಟಾ ದಾರಿ ಈಗ ಬಂದರುಗಳನ್ನು ಜೋಡಿಸುವ ಸಾಗರಮಾಲಾ ಯೋಜನೆಯಲ್ಲಿ ಹೆದ್ದಾರಿಯಾಗುತ್ತಿದೆ. ಕಾಮಗಾರಿಗಾಗಿ ಘಟ್ಟ ಕೊರೆದಲ್ಲೆಲ್ಲ ಮಳೆಗಾಲದಲ್ಲಿ ಮಣ್ಣು ಕುಸಿಯುವ ಭಯವನ್ನೂ ಅದು ಜೊತೆಗೆ ತಂದಿದೆ.

ಪೇಟೆ ಹಿಗ್ಗಿದ್ದರ ಇನ್ನೊಂದು ಮಗ್ಗುಲು ಹಳ್ಳಿ ಕುಗ್ಗಿದ್ದು. ಬಡಾವಣೆಗಳಲ್ಲಿ ಮನೆ ಕಟ್ಟಿದವರಲ್ಲಿ ಅನೇಕರು ಹಳ್ಳಿಯ ತೋಟದ ಮನೆಯಿಂದ ಬಂದ ಹಿರಿಯರು. ಮಕ್ಕಳು ಬೆಂಗಳೂರಿನಲ್ಲಿ, ವಿದೇಶದಲ್ಲಿ. ಅಂಕಣ ಅಂಕಣವಾಗಿ ಹರಡಿದ ಹೆಂಚಿನ ಮನೆಯಲ್ಲಿ ಇಬ್ಬರೇ ವೃದ್ಧರು. ಮಳೆಗಾಲದಲ್ಲಿ ವಿದ್ಯುತ್ ಹೋದರೆ ದಿನಗಟ್ಟಲೆ ಕತ್ತಲೆ, ಎದೆ ನೋವು ಬಂದರೆ ಹುಬ್ಬಳ್ಳಿಯ ದಾರಿ ದೂರ. ತೋಟದ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ ಎಂಬುದು ಇಲ್ಲಿ ಪ್ರತಿ ಮನೆಯ ಮಾತು. ಕೊನೆಗೌಡರ ಮಕ್ಕಳು ಮರ ಹತ್ತುತ್ತಿಲ್ಲ, ಹತ್ತಬೇಕೆಂದು ಕೇಳುವ ಹಕ್ಕೂ ಯಾರಿಗೂ ಇಲ್ಲ. ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಿಂದಲೇ ಕೊನೆ ಕೊಯ್ಯುವುದನ್ನು ಬೆಳೆಗಾರರು ಕಲಿಯುತ್ತಿದ್ದಾರೆ.

ಇದರ ಜೊತೆಗೆ ಒಂದೇ ಬೆಳೆಯನ್ನು ನೆಚ್ಚಿದ ಅಪಾಯ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎರಡು ದಶಕಗಳ ಹಿಂದೆಯೇ ವರ್ಗೀಕರಿಸಿದೆ. ಬಯಲುಸೀಮೆಯಲ್ಲಿ ಕೊಳವೆಬಾವಿ ನೀರಿನಲ್ಲಿ ಅಡಿಕೆ ವಿಸ್ತೀರ್ಣ ಹೆಚ್ಚುತ್ತಲೇ ಇದೆ. ವಿದೇಶದ ಅಡಿಕೆ ಆಮದಾದರೆ ದರ ಕುಸಿಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ತೋಟಗಳ ಬಣ್ಣವನ್ನೇ ಕೆಡಿಸಿದೆ. ಹಿಂದಿನ ತೋಟಿಗ ಮೆಣಸು, ಏಲಕ್ಕಿ, ಬಾಳೆ, ಗದ್ದೆ, ಕೊಟ್ಟಿಗೆ ಎಲ್ಲವನ್ನೂ ಇಟ್ಟುಕೊಂಡಿದ್ದ. ದರ ಏರಿದ ವರ್ಷಗಳಲ್ಲಿ ಗದ್ದೆಗಳನ್ನೂ ತೋಟ ಮಾಡಿ ನಾವೇ ಆ ಆಸರೆಗಳನ್ನು ಕಳೆದುಕೊಂಡೆವು.

ಹೀಗಾಗಿ ಶಿರಸಿಯ ಭವಿಷ್ಯದ ಚರ್ಚೆ ಜಿಲ್ಲೆ, ರೈಲು, ಹೆದ್ದಾರಿಗಳಲ್ಲಿ ಮುಗಿಯುವಂಥದ್ದಲ್ಲ. ಜಿಲ್ಲಾ ಕೇಂದ್ರದ ಬೋರ್ಡು ಬಂದರೆ ಕಚೇರಿಗಳು ಬರುತ್ತವೆ, ರಿಯಲ್ ಎಸ್ಟೇಟ್ ಬೆಲೆ ಏರುತ್ತದೆ. ಹಳ್ಳಿಯ ತೋಟದಲ್ಲಿ ನಿಲ್ಲಲು ಮೂವತ್ತರ ಹರೆಯದವರಿಗೆ ಅದರಿಂದ ಹೊಸ ಕಾರಣ ಸಿಗುವುದಿಲ್ಲ. ಆ ಕಾರಣವನ್ನು ಕೊಡಬಲ್ಲವು ಬೇರೆ: ಮಳೆಗಾಲದಲ್ಲೂ ನಿಲ್ಲದ ವಿದ್ಯುತ್ ಮತ್ತು ನೆಟ್‌ವರ್ಕ್, ಶಿರಸಿಯಲ್ಲೇ ಹೃದಯ ಮತ್ತು ಅಪಘಾತದ ಚಿಕಿತ್ಸೆ, ಅಡಿಕೆಯ ಜೊತೆ ಮೆಣಸು, ಹಲಸು, ಅಪ್ಪೆಮಿಡಿಗೂ ನೆಚ್ಚಿಕೊಳ್ಳಬಹುದಾದ ಮಾರುಕಟ್ಟೆ, ತೋಟದ ಕೂಲಿಕಾರರಿಗೂ ಷೇರು ಮತ್ತು ಮಾತು ಇರುವ ಸಹಕಾರ ಸಂಘ. ಇವುಗಳಲ್ಲಿ ಅರ್ಧದಷ್ಟನ್ನು ಸರ್ಕಾರದಿಂದ ಕೇಳಿ ಪಡೆಯಬೇಕು, ಇನ್ನರ್ಧವನ್ನು ಶಿರಸಿ ತಾನೇ ಮಾಡಿಕೊಳ್ಳಬಲ್ಲದು. ಸಾಹುಕಾರನ ವಖಾರಿಯಿಂದ ಹೊರಬರಲು 1923ರಲ್ಲಿ ಅದು ಯಾರ ಅಪ್ಪಣೆಗೂ ಕಾದಿರಲಿಲ್ಲ.

ಶತಮಾನ ದಾಟಿದ ಸಂಘಗಳ ಕೈಯಲ್ಲಿ ಇಂದು ಹಣವಿದೆ, ಕಟ್ಟಡಗಳಿವೆ, ಸದಸ್ಯರ ಪಟ್ಟಿಯಿದೆ. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಡಿವಿಡೆಂಡ್ ಎಷ್ಟು ಎಂದು ಕೇಳುವ ಸದಸ್ಯರು ಜೊತೆಗೆ ಇನ್ನೂ ಒಂದು ಪ್ರಶ್ನೆ ಕೇಳಲಿ: ನಮ್ಮೂರಿನಲ್ಲಿ ಬೀಗ ಬಿದ್ದ ಮನೆಗಳು ಎಷ್ಟು, ಅವುಗಳ ಬಾಗಿಲು ತೆರೆಸಲು ಸಂಘ ಏನು ಮಾಡಿದೆ? ಹಳ್ಳಿಗಳು ಕಟ್ಟಿಕೊಂಡ ಈ ಪೇಟೆ ಹಳ್ಳಿಗಳು ಇರುವ ತನಕ ಮಾತ್ರ ಶಿರಸಿಯಾಗಿರುತ್ತದೆ.